ಮಂಡಕ್ಕಿ ಭಟ್ಟಿಯ ಗಂಟು

ಅಮಾಸೆಯ ಮರುದಿನ ಹರಿಹರದ ಹೊಳೆದಂಡೆಗೆ ಬಂದು ನೋಡಬೇಕು ನೀವು. ಹಿಂದಿನ ದಿನ ಸಾವಿರಾರು ಜನ ಬಂದು ಮಿಂದು, ಕೈಮುಗಿದು, ಪುಣ್ಯ ಕಟ್ಟಿಕೊಂಡು ಹೋಗಿರ್ತಾರೆ. ಮೈಮೇಲಿನ ಬಟ್ಟೆ ಹೊಳೇಲಿ ಬಿಟ್ರೆ ದೋಷ ಹೋಗ್ತದೆ ಅಂತ ಒಂದು ನಂಬಿಕೆ. ಹಂಗಾಗಿ ಸೀರೆ, ಪಂಚೆ, ಬನೀನು, ಮಕ್ಕಳ ಚಡ್ಡಿ ಎಲ್ಲಾ ನೀರಲ್ಲೇ. ಆಮೇಲೆ ಮರಳ ಮೇಲೆ ಸಾಲಾಗಿ ಕೂತು ತಿಂಡಿ. ಮಂಡಕ್ಕಿ ಕವರು, ಮೆಣಸಿನಕಾಯಿ ಬಜ್ಜಿ ಸುತ್ತಿದ ಪೇಪರು, ನೀರಿನ ಬಾಟ್ಲಿ, ಶಾಂಪೂ ಪ್ಯಾಕೆಟ್ಟು, ಪ್ಲಾಸ್ಟಿಕ್ ತಟ್ಟೆ ಎಲ್ಲಾ ಅಲ್ಲೇ ಬಿಟ್ಟು, ಕಾರು ಹತ್ತಿ ಹೋಗ್ತಾರೆ. ಇದನ್ನೆಲ್ಲ ಎತ್ತೋಕೆ ಕೊಟ್ರವ್ವ ಮತ್ತೆ ಇನ್ನೂ ಐದು ಜನ ಹೆಂಗಸರು.

ಕೊಟ್ರವ್ವಗೆ ನಲವತ್ತಾರು. ಗಂಡ ಹೋಗಿ ಏಳು ವರ್ಷ. ಸೊಂಟದ ತನಕ ನೀರಲ್ಲಿ ನಿಂತು, ಕಾಲಿಗೆ ಸುತ್ತಿಕೊಳ್ಳೋ ಸೀರೆಗಳನ್ನ ಎಳೆದೆಳೆದು ದಂಡೆಗೆ ಹಾಕ್ತಾಳೆ. ನೆಂದ ಸೀರೆ ಮರಳು ತುಂಬಿಕೊಂಡು ಹೆಣಭಾರ ಆಗಿರ್ತದೆ. ಹೋದ ವರ್ಷ ಒಡೆದ ಬಾಟ್ಲಿ ಹಿಮ್ಮಡಿಗೆ ಹೊಕ್ಕಿದ್ದು ಇನ್ನೂ ಕುಂಟಿಸ್ತದೆ. ಕೈಗೆ ಗ್ಲೌಸು ಕೊಟ್ಟಿದ್ದು ಒಂದೇ ಸಲ, ಪೇಪರಿನವರು ಫೋಟೋ ತೆಗೆಯೋಕೆ ಬಂದ ದಿನ. ಫೋಟೋ ಆದಮೇಲೆ ಅದನ್ನೂ ವಾಪಸ್ ಇಸ್ಕೊಂಡ್ರು.

ಇಸ್ಕೊಂಡೋನು ಗುರುಮೂರ್ತಿ, ದಂಡೆ ಸ್ವಚ್ಛತೆಯ ಗುತ್ತಿಗೆದಾರ. ಗದರೋ ಮನುಷ್ಯ ಅಲ್ಲ, ಅದೇ ಮೋಸ. "ಅಕ್ಕಾರೆ" ಅನ್ನದೆ ಮಾತಾಡೋನಲ್ಲ.

"ಅಕ್ಕಾರೆ, ಒಂದು ವರ್ಷ ದಂಡೆ ಕನ್ನಡಿಯಂಗೆ ಇಟ್ಟು ತೋರಿಸ್ರಿ. ಪ್ರಶಸ್ತಿ ಬರ್ತೈತೆ. ಪ್ರಶಸ್ತಿ ಬಂದ ದಿನ ನಿಮ್ಮ ಆರೂ ಮಂದಿಗೆ ಕಾಯಂ ಪತ್ರ. ನಂದು ಜವಾಬ್ದಾರಿ" ಅಂದಿದ್ದ.

ಕಾಯಂ ಅಂದ್ರೆ ಏನು ಅಂತ ನಿಮಗೆ ಗೊತ್ತಿರಬಹುದು, ಆದ್ರೆ ಕೊಟ್ರವ್ವಗೆ ಗೊತ್ತಿದ್ದಷ್ಟು ಗೊತ್ತಿರಲಿಕ್ಕಿಲ್ಲ. ಕಾಲು ಕೊಯ್ದರೆ ಆಸ್ಪತ್ರೆ. ಜ್ವರ ಬಂದರೆ ರಜೆ. ಮುದುಕಿ ಆದಮೇಲೆ ಪಿಂಚಣಿ. ಆ ಒಂದು ಹಾಳೆಗೋಸ್ಕರ ವರ್ಷವಿಡೀ ಒಂದು ದಿನ ತಪ್ಪಿಸದೆ ಹೊಳೆಗೆ ಇಳಿದಿದ್ದಳು.

ಎತ್ತಿದ ಕಸ ಚೀಲಕ್ಕೆ ತುಂಬಿ, ಚೀಲ ಟಿಪ್ಪರಿಗೆ. ಟಿಪ್ಪರ್ ಹೊಡೆಯೋನು ಹನುಮೇಶ, ಅವಳ ಸ್ವಂತ ತಮ್ಮ. ಅವಳಿಗಿಂತ ಒಂಬತ್ತು ವರ್ಷ ಚಿಕ್ಕೋನು. ಕೆಲಸ ಇಲ್ಲದೆ ಆನೆಕೊಂಡದ ಮನೇಲಿ ಕೂತಿದ್ದೋನನ್ನ ಕೊಟ್ರವ್ವನೇ ಗುರುಮೂರ್ತಿ ಹತ್ರ ಹೇಳಿ ಸೇರಿಸಿದ್ದು. ದಿನಾ ಮಧ್ಯಾಹ್ನ ಅವಳ ಡಬ್ಬೀಲಿ ಅವನಿಗೂ ಎರಡು ರೊಟ್ಟಿ ಇರ್ತಿದ್ವು.

"ಇಲ್ಲೇ ದಾವಣಗೆರೆ ಹತ್ರ ಕರೂರಾಗೆ ಧಣೇರ ಶೆಡ್ ಐತೆ ಕಣಕ್ಕ" ಅಂತ ರೊಟ್ಟಿ ಮುರೀತಾ ಹೇಳ್ತಿದ್ದ. "ದೊಡ್ಡ ಮಿಷಿನ್ನು. ನೀನು ತುಂಬಿದ ಪ್ಲಾಸ್ಟಿಕ್ ಎಲ್ಲಾ ಕರಗಿಸಿ ಪೈಪ್ ಮಾಡ್ತಾರೆ. ಹೊಲಕ್ಕೆ ನೀರು ಬಿಡಾಕೆ."

"ಹೌದೇನೋ?"

"ಮತ್ತೆ? ನಿನ್ನ ಕಸ ಯಾರ್ದೋ ಹೊಲ ನೆನೆಸ್ತೈತೆ."

ಈ ಮಾತು ಕೇಳಿದಾಗೆಲ್ಲ ಅವಳಿಗೆ ಹಿಮ್ಮಡಿ ನೋವು ಮರೆತು ಹೋಗ್ತಿತ್ತು. ಸುಳ್ಳಲ್ಲ, ಒಳಗೊಳಗೇ ಹೆಮ್ಮೆ ಪಡ್ತಿದ್ದಳು. ಶಾಮನೂರಿನ ಕಡೆ ಬಸ್ಸಲ್ಲಿ ಹೋಗುವಾಗ ಹೊಲದಾಗೆ ಕರೀ ಪೈಪ್ ಕಂಡರೆ ಪಕ್ಕದ ಸೀಟಿನವರಿಗೆ ತೋರಿಸ್ತಿದ್ದಳು.

ಚೀಲದ ಬಾಯಿ ಕಟ್ಟೋದ್ರಲ್ಲಿ ಕೊಟ್ರವ್ವಂದು ಬೇರೆಯದೇ ರೀತಿ. ಪ್ಲಾಸ್ಟಿಕ್ ದಾರ ಬೆರಳು ಕೊಯ್ತದೆ ಅಂತ, ಹೊಳೇಲಿ ಸಿಕ್ಕ ಸೀರೆಗಳ ಅಂಚು ಹರಿದು ಅದರಿಂದ ಕಟ್ತಿದ್ದಳು. ಗಂಟು ಅವಳ ಅವ್ವ ದ್ಯಾಮವ್ವಂದು. ದ್ಯಾಮವ್ವ ದಾವಣಗೆರೆಯ ಮಂಡಕ್ಕಿ ಭಟ್ಟೀಲಿ ಮೂವತ್ತು ವರ್ಷ ಚೀಲ ಕಟ್ಟಿದೋಳು, ಎಡಚಿ. ಬಾಯಿಗೆ ಎರಡು ಸುತ್ತು, ಮೂರನೇದು ಒಳಗಿಂದ, ತುದಿಯನ್ನ ಎಡಕ್ಕೆ ಮಡಚಿ ಒಳಗೆ ತುರುಕೋದು. ಗೊತ್ತಿದ್ದೋರು ಎಡಗೈ ಹೆಬ್ಬೆರಳಲ್ಲಿ ತುದಿ ಹಿಡಿದು ಒಂದು ಸಲ ಎಳೆದ್ರೆ ಸರಕ್ಕನೆ ಬಿಚ್ಚುತ್ತೆ. ಗೊತ್ತಿಲ್ಲದೋರು ಎಳೆದಷ್ಟೂ ಬಿಗೀತದೆ. ಇಬ್ಬರು ಮಕ್ಕಳಿಗೂ ಅವ್ವ ಭಟ್ಟಿಯ ಹೊಗೇಲಿ ಕೂರಿಸಿಕೊಂಡು ಇದನ್ನ ಕಲಿಸಿದ್ದಳು. ಹನುಮೇಶ ತಪ್ಪಿಸಿದಾಗೆಲ್ಲ ಗೆಣ್ಣಿನ ಮೇಲೆ ಹೊಡೆಯೋಳು.

ಪ್ರಶಸ್ತಿ ಸಮಾರಂಭಕ್ಕೆ ಇನ್ನು ಐದು ದಿನ ಇತ್ತು. ಮೇಲೆ ಎಲ್ಲೋ ಮಳೆ ಜೋರಾಗಿ ಹೊಳೆ ಕೆಂಪಗೆ ಏರಿತು. ಬೆಳಿಗ್ಗೆ ಹತ್ತರ ಸುಮಾರಿಗೆ ಮೈಲಮ್ಮ ನೀರಿಂದ ಒಂದು ತುಂಬಿದ ಚೀಲ ಎಳ್ಕೊಂಡು ಬಂದಳು. ಮೈಲಮ್ಮ ಆರು ಜನರಲ್ಲಿ ಹಿರಿಯಳು, ಬಾಯಿ ಜೋರು.

"ಯಾವ ಮನೆಹಾಳ ಚೀಲಗಟ್ಲೆ ತಂದು ಹಾಕ್ಯಾನೆ ನೋಡ್ರೇ. ಬಿಚ್ಚಾಕೂ ಬರವಲ್ದು. ಕೊಟ್ರಿ, ಒಸಿ ನೋಡು."

ಕೊಟ್ರವ್ವ ಚೀಲ ತೊಡೆ ಮೇಲೆ ಇಟ್ಕೊಂಡಳು. ಎಡಗೈ ಹೆಬ್ಬೆರಳು ತಾನಾಗೇ ಒಳಗೆ ಹೋಯ್ತು. ಒಂದು ಎಳೆತ. ಚೀಲ ಬಾಯಿ ಬಿಟ್ಟಿತು.

ಕೈಯಲ್ಲಿ ಹಸಿರು ಸೀರೆ ಅಂಚು, ಅದರ ಮೇಲೆ ಸಣ್ಣ ಗಿಳಿಗಳು. ಹೋದ ತಿಂಗಳ ಅಮಾಸೆಗೆ ಸಿಕ್ಕ ಸೀರೆ. ಅವಳೇ ಹರಿದಿದ್ದು, ಅವಳೇ ಕಟ್ಟಿದ್ದು. ಕರೂರಿಗೆ ಹೋಗಿ ಪೈಪ್ ಆಗಿರಬೇಕಿದ್ದ ಚೀಲ ಹೊಳೇಲಿ ತೇಲಿಕೊಂಡು ವಾಪಸ್ ಬಂದಿತ್ತು.

ಮಧ್ಯಾಹ್ನ ರೊಟ್ಟಿ ಕೊಡುವಾಗ ಕೇಳಿದಳು. ಹನುಮೇಶ ತಲೆ ಎತ್ತಲಿಲ್ಲ.

"ಗಾಡಿಯಿಂದ ಜಾರಿ ಬಿದ್ದಿರ್ಬೇಕು ಬಿಡಕ್ಕ. ಹಳ್ಳದ ಸೇತುವೆ ಹತ್ರ ರೋಡ್ ಸರಿ ಇಲ್ಲ."

ನಂಬಿದಳು. ತಮ್ಮನ ಮಾತು ನಂಬದೆ ಇನ್ಯಾರ ಮಾತು ನಂಬ್ತಾಳೆ ಹೇಳಿ.

ಮರುದಿನ ಹನ್ನೊಂದು ಚೀಲ ಬಂದವು. ಹಸಿರು ಅಂಚು, ಅರಿಶಿನದ ಅಂಚು, ಜರಿ ಅಂಚು. ಹನ್ನೊಂದಕ್ಕೂ ಅವ್ವನ ಗಂಟು. ಹನ್ನೊಂದು ಚೀಲ ಒಂದೇ ಗಾಡಿಯಿಂದ ಜಾರಿ ಬೀಳಲ್ಲ. ಹೆಂಗಸರು ಅವನ್ನ ಸುತ್ತುವರಿದು ನಿಂತ್ರು.

"ಹಂಗಾರೆ ವರ್ಷದಿಂದ ಇದೇ ಕಸಾನ ಎಷ್ಟು ಸಲ ಎತ್ತಿದೀವಿ ನಾವು?" ಅಂದಳು ಮೈಲಮ್ಮ.

ಯಶೋದಾ ಎಲ್ಲರಿಗಿಂತ ಚಿಕ್ಕವಳು, ಮನೇಲಿ ಹಾಸಿಗೆ ಹಿಡಿದ ಅತ್ತೆ, ಇಬ್ಬರು ಮಕ್ಕಳು. ಅವಳು ಮೆಲ್ಲಗೆ ಹೇಳಿದಳು: "ಅಕ್ಕಾ, ಪತ್ರ ಕೈಗೆ ಬರ್ಲಿ. ಆಮೇಲೆ ಕೇಳಾನ. ಈಗ ಬಾಯಿ ಬಿಟ್ರೆ ಎಲ್ಲಾ ಹೋಗ್ತೈತೆ."

ತಪ್ಪು ಮಾತೇನಲ್ಲ ಅದು. ಎಲ್ಲರೂ ಒಪ್ಪಿದ್ರು. ಕೊಟ್ರವ್ವನೂ ಹೂಂ ಅಂದಳು. ಸಂಜೆ ತಮ್ಮನ್ನ ಟಿಪ್ಪರ್ ಹಿಂದೆ ಹಿಡಿದು ನಿಲ್ಲಿಸಿದಳು.

"ಎಲ್ಲಿ ಸುರೀತೀಯ? ಖರೇ ಹೇಳು."

"ಹೊಳೆಗೆ ಸೇರೋ ಮೇಲಿನ ಹಳ್ಳದಾಗೆ" ಅಂದ, ನೆಲ ನೋಡ್ತಾ. "ಧಣಿ ಹೇಳಿದ್ದು ಮಾಡ್ತೀನಕ್ಕ. ನಂದೂ ಹೊಟ್ಟೆಪಾಡು. ಇನ್ನು ನಾಲ್ಕು ದಿನ ಸುಮ್ನಿರು, ನಿನ್ನ ಪತ್ರ ಬರ್ತೈತೆ."

"ನಾನು ಆ ನೀರಾಗೆ ನಿಲ್ತೀನಿ ಅಂತ ಗೊತ್ತಿತ್ತಲ್ಲೋ ನಿಂಗೆ. ಹಿಮ್ಮಡಿ ಕೊಯ್ಕೊಂಡಾಗ ನೀನೇ ಅಲ್ವೇನೋ ಎತ್ಕೊಂಡು ಹೋಗಿದ್ದು?"

ಅವನು ಗಾಡಿ ಹತ್ತಿ ಹೋದ. ಮಾರನೇ ದಿನ ಕೊಟ್ರವ್ವ ಡಬ್ಬಿಗೆ ತನ್ನ ಪಾಲಿನ ಎರಡೇ ರೊಟ್ಟಿ ಹಾಕಿದಳು.

ಸಮಾರಂಭದ ದಿನ ದಂಡೆ ಮೇಲೆ ಶಾಮಿಯಾನ, ಕೆಂಪು ಕುರ್ಚಿ, ಮೈಕು. ಕುಡಿಯೋಕೆ ಸಣ್ಣ ಸಣ್ಣ ಪ್ಲಾಸ್ಟಿಕ್ ಬಾಟ್ಲಿ ನೀರು, ಅದನ್ನ ಎತ್ತೋರೂ ಇವರೇ ತಾನೆ. ಪ್ರಶಸ್ತಿ ಕೊಡೋಕೆ ಬೆಂಗಳೂರಿನಿಂದ ಒಬ್ಬರು ಮೇಡಂ ಬಂದಿದ್ರು. ಮೇಜಿನ ಮೇಲೆ ತಟ್ಟೇಲಿ ಆರು ಲಕೋಟೆ. ಆರು ಜನರಿಗೂ ಒಂದೇ ಬಣ್ಣದ ಹೊಸ ಸೀರೆ ಉಡಿಸಿ ಮುಂದಿನ ಸಾಲಲ್ಲಿ ಕೂರಿಸಿದ್ರು. ಕೊಟ್ರವ್ವ ಲಕೋಟೆ ಕಡೆನೇ ನೋಡ್ತಾ ಕೂತಳು. ಇನ್ನೊಂದು ತಾಸು ಬಾಯಿ ಮುಚ್ಚಿಕೊಂಡಿದ್ರೆ ಸಾಕಿತ್ತು.

ಮೈಕಲ್ಲಿ ಗುರುಮೂರ್ತಿ ಅಂದ: "ಮೊದಲಿಗೆ ನಮ್ಮ ಚಾಲಕ ಹನುಮೇಶ ಅವರಿಗೆ ಸನ್ಮಾನ. ವರ್ಷ ಪೂರ್ತಿ ಒಂದೇ ಒಂದು ಚೀಲಾನೂ ಬೀಳಿಸದೆ ನಮ್ಮ ಕರೂರು ಘಟಕಕ್ಕೆ ತಲುಪಿಸಿದವರು."

ಚಪ್ಪಾಳೆ ಬಿತ್ತು. ಹನುಮೇಶ ಬಂದು ತಲೆ ಬಗ್ಗಿಸಿದ. ಮೇಡಂ ಶಾಲು ಹೊದಿಸಿದ್ರು. ಅವನು ಕೈಮುಗಿದು ನಕ್ಕ.

ಆ ನಗು ನೋಡಿ ಕೊಟ್ರವ್ವಗೆ ಎದೆಗೆ ಬೆಂಕಿ ಇಟ್ಟಂಗಾಯ್ತು. ಅಲ್ಲಿ ತನಕ ಅವನ ಮೇಲೆ ಸಿಟ್ಟಿದ್ರೂ ಪಾಪ ಅನ್ನಿಸ್ತಿತ್ತು. ಈಗ ಅದೂ ಇಲ್ಲ. ಎದ್ದು, ಕುಂಟ್ತಾ ಶಾಮಿಯಾನದ ಹಿಂದೆ ಹೋದಳು. ಅಲ್ಲಿ ಹೊಳೇಲಿ ಬಂದ ಚೀಲ ತುಂಬಿದ ಟಿಪ್ಪರ್ ನಿಂತಿತ್ತು. ಗಿಳಿ ಅಂಚಿನ ಒಂದು ಚೀಲ ಎಳ್ಕೊಂಡು ಬಂದು ಮೇಡಂ ಕಾಲ ಹತ್ರ ಇಟ್ಟಳು.

"ಮೇಡಮ್ಮಾರೆ, ಈ ಚೀಲ ಹೋದ ತಿಂಗಳು ನಾನು ಕಟ್ಟಿ ಕರೂರಿಗೆ ಕಳಿಸಿದ್ದು. ಈ ವಾರ ಹೊಳ್ಯಾಗೆ ತೇಲ್ಕೊಂಡು ಬಂದೈತೆ. ಇಂಥವು ಗಾಡಿ ತುಂಬ ಅದಾವೆ."

ಗುರುಮೂರ್ತಿ ನಗ್ತಾನೇ ಎದ್ದ. "ಅಕ್ಕಾರೆ, ಚೀಲ ಎಲ್ಲಾ ಒಂದೇ ಥರ ಇರ್ತಾವೆ. ಅದಕ್ಕೆ ಹೆಸರು ಬರದೈತಾ?"

"ಗಂಟು ಐತೆ. ಬಿಚ್ಚಿಸ್ರಿ ಯಾರ ಕೈಲಾದ್ರೂ."

ಮೇಡಂ ಪಕ್ಕದಲ್ಲಿ ನಿಂತಿದ್ದ ಒಬ್ಬನಿಗೆ ಸನ್ನೆ ಮಾಡಿದ್ರು. ಅವನು ಎಳೆದ, ಗಂಟು ಬಿಗೀತು. ಇನ್ನೊಬ್ಬ ಬಂದು ಉಗುರು ಹಾಕಿದ, ಮತ್ತೂ ಬಿಗೀತು.

"ಇದನ್ನ ಬಿಚ್ಚೋರು ಈ ಊರಾಗೆ ಇಬ್ರೇ" ಅಂದಳು ಕೊಟ್ರವ್ವ. "ನಾನು, ಇಲ್ಲಿ ನಿಂತಿರೋ ನನ್ನ ತಮ್ಮ. ನಮ್ಮವ್ವ ಕಲಿಸಿದ ಗಂಟು ಇದು. ಹನುಮಾ, ಬಾ. ಬಿಚ್ಚು."

ಹನುಮೇಶ ಶಾಲು ಹೊದ್ದುಕೊಂಡೇ ಬಂದ. ಒಂದು ಸಲ ಗುರುಮೂರ್ತಿ ಮುಖ ನೋಡಿದ. ಬಗ್ಗಿ ಚೀಲ ಹಿಡಿದ. ಅವನ ಎಡಗೈ ಹೆಬ್ಬೆರಳು ನೆಟ್ಟಗೆ ಗಂಟಿನ ಒಳಗೆ ಹೋಗಿ ತುದಿ ಮುಟ್ಟಿತು. ಬೇರೆ ಯಾರೂ ನೋಡಲಿಲ್ಲ, ಕೊಟ್ರವ್ವ ನೋಡಿದಳು. ತಕ್ಷಣ ಬೆರಳು ಹಿಂದಕ್ಕೆ ತಗೊಂಡು, ಬಲಗೈಲಿ ಸುಮ್ಮನೆ ಜಗ್ಗಾಡೋಕೆ ಶುರು ಮಾಡಿದ.

"ಬರವಲ್ದು" ಅಂದ. "ಇಂಥ ಗಂಟು ನಾನು ನೋಡೇ ಇಲ್ಲ."

"ನೋಡೇ ಇಲ್ಲ?"

"ಇಲ್ಲ."

ಗಂಡ ಸತ್ತ ದಿನವೂ ಕೊಟ್ರವ್ವಗೆ ಹಿಂಗಾಗಿರಲಿಲ್ಲ. ಅದು ಸಾವು, ಯಾರ ಕೈಲೂ ಇರಲಿಲ್ಲ. ಇವನು ಬೆರಳ ತುದೀಲಿ ಅವ್ವನ್ನ ಮುಟ್ಟಿ, ನನಗೆ ಗೊತ್ತಿಲ್ಲ ಅಂದ. ಅವಳು ಬಗ್ಗಿ ಎಡಗೈಲಿ ತುದಿ ಹಿಡಿದು ಎಳೆದಳು. ಚೀಲ ಬಿಚ್ಚಿ, ಹಳೇ ಬಾಟ್ಲಿ, ಕೊಳೆತ ಕವರು, ಕಪ್ಪು ನೀರು ಕೆಂಪು ಜಮಖಾನದ ಮೇಲೆ ಹರಿದವು. ಮುಂದಿನ ಸಾಲಿನವರು ಮೂಗು ಮುಚ್ಚಿಕೊಂಡು ಕಾಲೆತ್ತಿದ್ರು.

"ದೂರು ಬರೆದು ಕೊಡಮ್ಮ, ವಿಚಾರಿಸ್ತೀವಿ" ಅಂದ್ರು ಮೇಡಂ. "ಕಾರ್ಯಕ್ರಮ ಹಾಳು ಮಾಡಬೇಡ."

ಗುರುಮೂರ್ತಿ ತಟ್ಟೆಯಿಂದ ಆರೂ ಲಕೋಟೆ ಎತ್ತಿ ತನ್ನ ಬ್ಯಾಗಿಗೆ ಹಾಕಿದ. "ನಿಮ್ಮ ಕೈಯಾರೆ ನೀವೇ ಹಾಳು ಮಾಡ್ಕೊಂಡ್ರಿ ಅಕ್ಕಾರೆ. ನಿಮ್ಮ ಜೊತೆ ಈ ಐದು ಮಂದೀದೂ."

ಅದು ಮಾತ್ರ ಅವಳಿಗೆ ಚುಚ್ಚಿತು. ಹಿಂದಕ್ಕೆ ತಿರುಗಿ ನೋಡೋಕೆ ಹೆದರಿಕೆ ಆಯ್ತು. ಯಶೋದಾಳ ಮಕ್ಕಳು ಕಣ್ಮುಂದೆ ಬಂದ್ರು. ತಿರುಗಿದಾಗ ಯಶೋದಾ ಕುರ್ಚೀಲಿ ಇರಲಿಲ್ಲ.

ಹೊಸ ಸೀರೆ ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡು ಅವಳು ಟಿಪ್ಪರ್ ಹತ್ತುತ್ತಿದ್ದಳು. ಹತ್ತಿ ಚೀಲಗಳ ಮೇಲೆ ಕೂತಳು. "ಅಕ್ಕಾ, ಹತ್ತು" ಅಂತ ಕೂಗಿದಳು. "ಆ ಪೈಪ್ ಮಿಷಿನ್ ನೋಡ್ಕೊಂಡೇ ಬರಾನ."

ಮೈಲಮ್ಮ ಹತ್ತಿದಳು. ಉಳಿದ ಮೂವರೂ ಹತ್ತಿದ್ರು. ಕೊಟ್ರವ್ವನ್ನ ಕೈ ಹಿಡಿದು ಮೇಲೆ ಎಳ್ಕೊಂಡ್ರು. ಶಾಮಿಯಾನದಲ್ಲಿದ್ದ ಜನ ಎದ್ದು ಗಾಡಿ ಕಡೆ ಬಂದ್ರು, ಮೊಬೈಲ್ ಎತ್ತಿ ಹಿಡಿದ್ರು.

"ಹನುಮಾ, ನಡಿ ಕರೂರಿಗೆ" ಅಂದಳು ಕೊಟ್ರವ್ವ. "ಮೇಡಮ್ಮಾರನ್ನೂ ಮುಂದಿನ ಸೀಟಿನಾಗೆ ಕೂರಿಸ್ಕೋ."

ಹನುಮೇಶ ಕೀಲಿ ಹಿಡಿದು ಗಾಡಿ ಬಾಗಿಲ ಹತ್ರ ಬಂದ. ಹೆಗಲಿಂದ ಶಾಲು ಜಾರಿತ್ತು. ತಲೆ ಎತ್ತಿ, ಅವಳಿಗೆ ಮಾತ್ರ ಕೇಳೋ ಹಂಗೆ ಹೇಳಿದ:

"ಅಕ್ಕಾ, ಇಳಿ. ಕರೂರಾಗೆ ಏನೂ ಇಲ್ಲ. ಶೆಡ್ಡೂ ಇಲ್ಲ, ಮಿಷಿನ್ನೂ ಇಲ್ಲ. ಖಾಲಿ ಜಾಗದಾಗೆ ಒಂದು ಬೋರ್ಡ್ ನಿಲ್ಸವ್ರೆ."

ಕೊಟ್ರವ್ವ ಅವನನ್ನೇ ನೋಡಿದಳು. ಬಸ್ಸಿನ ಕಿಟಕೀಲಿ ಬೆರಳು ಮಾಡಿ ತೋರಿಸಿದ್ದ ಆ ಕರೀ ಪೈಪುಗಳು ನೆನಪಾದವು.

"ನಂಗ್ಯಾಕೋ ಹೇಳ್ತೀಯ" ಅಂದಳು. "ಅಲ್ಲಿ ಮೈಕ್ ಐತೆ. ಅಲ್ಲಿ ಹೋಗಿ ಹೇಳು. ಹೇಳೋ ತನಕ ನಾವು ಇಳಿಯಲ್ಲ."

ಅವನು ಮೈಕಿನ ಕಡೆ ನೋಡಿದ. ಅದರ ಪಕ್ಕದಲ್ಲಿ ಗುರುಮೂರ್ತಿ ನಿಂತಿದ್ದ, ಈಗ ನಗ್ತಿರಲಿಲ್ಲ. ಹನುಮೇಶ ಇದ್ದಲ್ಲೇ ನಿಂತ.

ಅಷ್ಟರಲ್ಲಿ ಹೊಳೇಲಿ ಇನ್ನೊಂದು ಚೀಲ ತೇಲಿ ಬಂತು. ಹಸಿರು ಅಂಚಿನ ಗಂಟು ನೀರ ಮೇಲೆ ಎದ್ದು ಕಾಣ್ತಿತ್ತು. ವೇದಿಕೆಯ ಮುಂದೇನೇ ಬಂದು ಹೊಳೆಯ ಮೆಟ್ಟಿಲಿಗೆ ತಗುಲಿ ನಿಂತಿತು. ಅಭ್ಯಾಸಬಲದಿಂದ ಎಲ್ಲರೂ ಟಿಪ್ಪರ್ ಮೇಲಿದ್ದ ಹೆಂಗಸರ ಕಡೆ ನೋಡಿದ್ರು. ಆರು ಜನರಲ್ಲಿ ಒಬ್ಬರೂ ಇಳೀಲಿಲ್ಲ.