ಮುಡಿಪಿನ ಕಾಸು

ಹಂಗಳದ ಶಾಂತಮಲ್ಲಮ್ಮನಿಗೆ ಮೊಮ್ಮಗಳು ಕಾವ್ಯ ಎಂದರೆ ಪ್ರಾಣ. ಒಂದೂವರೆ ವರ್ಷದ ಆ ಮಗುವಿಗೆ ಕಳೆದ ತಿಂಗಳು ಜ್ವರ ಬಂದಾಗ ಅಜ್ಜಿ ಐದು ರೂಪಾಯಿ ನಾಣ್ಯವೊಂದನ್ನು ಅರಿಶಿನದ ಬಟ್ಟೆಯಲ್ಲಿ ಸುತ್ತಿ, ಬೆಟ್ಟದ ಮಾದಪ್ಪನ ಹೆಸರಲ್ಲಿ ಮುಡಿಪು ಕಟ್ಟಿದ್ದರು. ಜ್ವರ ವಾಸಿಯಾಯಿತು. ಬೆಟ್ಟಕ್ಕೆ ಹೋಗಿ ಹುಂಡಿಗೆ ಹಾಕುವುದೊಂದೇ ಬಾಕಿ. ಅಲ್ಲಿಯವರೆಗೆ ಮಗುವನ್ನು ಕಾಯಲಿ ಎಂದು ಆ ಗಂಟನ್ನು ತೊಟ್ಟಿಲ ಹಗ್ಗಕ್ಕೇ ಬಿಗಿದಿದ್ದರು. ಹಲ್ಲು ಬರುವ ಮಕ್ಕಳು ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತವೆ ಎಂಬುದು ನಾಲ್ಕು ಮಕ್ಕಳನ್ನು ಸಾಕಿದ ಅಜ್ಜಿಗೆ ತಿಳಿಯದ್ದೇನಲ್ಲ. ಆದರೆ ದೇವರ ಕಾಸಿನ ಮೇಲೆ ಯಾರಿಗೆ ತಾನೇ ಅನುಮಾನ ಬರುತ್ತದೆ?

ಒಂದು ಬೆಳಿಗ್ಗೆ ಮಗು ಇದ್ದಕ್ಕಿದ್ದಂತೆ ಕಿರುಚಿ ಅತ್ತಿತು. ತೊಟ್ಟಿಲಲ್ಲಿ ಎಂಜಲಾದ ಹಳದಿ ಬಟ್ಟೆ ಬಿಚ್ಚಿ ಬಿದ್ದಿತ್ತು. ಕಾಸು ಇರಲಿಲ್ಲ.

"ಅಯ್ಯೋ ಅತ್ತೆ, ಕೂಸು ಕಾಸ ನುಂಗ್ಬುಟ್ಟದ!" ಎಂದು ಸೊಸೆ ಪ್ರಿಯಾಂಕ ಕೂಗಿ, ಮಗುವಿನ ಬಾಯಿಗೆ ಬೆರಳು ಹಾಕಲು ಹೋದಳು. ಪಕ್ಕದ ಮನೆಗೆ ಬಂದಿದ್ದ ಆಶಾ ಕಾರ್ಯಕರ್ತೆ ವಾಜಿದಾ ಕೂಗು ಕೇಳಿ ಓಡಿಬಂದು ಕೈ ಹಿಡಿದಳು.

"ಬೆರಳಾಕ್ಬೇಡ ಕಣಮ್ಮಿ, ಇನ್ನೂ ಒಳಕ್ಕೋಯ್ತದ. ಕೂಸು ಅಳ್ತಾ ಅದ, ಅಂದ್ರ ಉಸ್ರು ಆಡ್ತಾ ಅದ. ತಲೆಕೆಳ್ಗ ಮಾಡ್ಬೇಡಿ, ವಾಂತಿ ಮಾಡುಸ್ಬೇಡಿ. ಡಾಕ್ಟ್ರು ನೋಡೋಗಂಟ ಒಂದ್ ತೊಟ್ಟು ನೀರೂ ಕೊಡ್ಬೇಡಿ. ಆಸ್ಪತ್ರೆಗೆ ಹೋಗನ ನಡೀರಿ."

"ಆಸ್ಪತ್ರೆ ಯಾಕವ್ವ?" ಎಂದರು ಅಜ್ಜಿ. "ನನ್ ಮಗ ಶಿವಶಂಕರನೂ ಚಿಕ್ಕೋನಿದ್ದಾಗ ನಾಕಾಣೆ ನುಂಗಿದ್ದ. ಎಲ್ಡು ಬಾಳೆಹಣ್ಣು ತಿನ್ಸುದ್ವು, ಮಾರ್ನೇ ದಿನ ಈಚೆಗೆ ಬಂತು. ಇದಂತೂ ಮಾದಪ್ಪನ ಕಾಸು. ಅವ್ನೇ ಇಳಿಸ್ತಾನ ಬುಡು."

"ಹೊಟ್ಟೆಗೆ ಇಳ್ದಿದ್ರ ಬತ್ತದ ಕಣವ್ವ. ಗಂಟ್ಲ ಕೆಳ್ಗ ಸಿಕ್ಕೊಂಡಿದ್ರ? ನೋಡು, ಎಂಜ್ಲು ನುಂಗುವಾಗೆಲ್ಲ ಕೂಸು ಮೊಕ ಹಿಂಡ್ತದ. ಎಲ್ಲದ ಅಂತ ಎಕ್ಸ್‌ರೇಲೇ ಗೊತ್ತಾಗೋದು."

ವಾಜಿದಾ ಆಟೋ ಕರೆಯಲು ಬೀದಿಗೆ ಹೋದಳು. ಪ್ರಿಯಾಂಕ ಆಸ್ಪತ್ರೆಗೆ ಬೇಕಾದ ತಾಯಿ ಕಾರ್ಡು ಹುಡುಕಲು ಒಳಗೆ ಹೋದಳು. ಆ ಎರಡು ನಿಮಿಷ ಅಜ್ಜಿ ಸುಮ್ಮನಿರಲಿಲ್ಲ. ಏಲಕ್ಕಿ ಬಾಳೆಹಣ್ಣೊಂದನ್ನು ಕಿವುಚಿ ಮಗುವಿನ ಬಾಯಿಗೆ ತುರುಕಿದರು. ಸ್ವಲ್ಪ ಒಳಗೆ ಹೋಯಿತು, ಸ್ವಲ್ಪ ಹೊರಗೆ ಬಂತು. ಸೆರಗಿನಿಂದ ಬಾಯಿ ಒರೆಸಿ, ಏನೂ ಆಗಿಲ್ಲವೆಂಬಂತೆ ಆಟೋ ಹತ್ತಿದರು.

ಗುಂಡ್ಲುಪೇಟೆಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರು. ಕತ್ತಿನ ಬುಡದಲ್ಲಿ, ಅನ್ನನಾಳದೊಳಗೆ, ಕಾಸು ಬೆಳ್ಳಗೆ ದುಂಡಗೆ ಕೂತಿತ್ತು. ಅದರ ಅಂಚಿನಲ್ಲಿ ಎರಡು ಗೆರೆ ಇದೆಯೇ ಎಂದು ವೈದ್ಯರು ಮತ್ತೆ ಮತ್ತೆ ನೋಡಿದರು. ಇದ್ದರೆ ಅದು ಗಡಿಯಾರ, ಆಟಿಕೆಗಳಿಗೆ ಹಾಕುವ ಗುಂಡಿಯಂಥ ಸೆಲ್ಲು. ಒಂದೆರಡು ಗಂಟೆಯಲ್ಲೇ ಅನ್ನನಾಳವನ್ನು ಸುಡುತ್ತದೆ. ಪುಣ್ಯಕ್ಕೆ ಇದು ನಾಣ್ಯವೇ ಆಗಿತ್ತು. ಮಗುವನ್ನು ಆಂಬುಲೆನ್ಸಿನಲ್ಲಿ ಚಾಮರಾಜನಗರದ ದೊಡ್ಡಾಸ್ಪತ್ರೆಗೆ ಕಳಿಸಿದರು.

ಅಲ್ಲಿನ ವೈದ್ಯೆ ರೂಪಶ್ರೀ ಸಮಾಧಾನದಿಂದ ಹೇಳಿದರು: "ಮಗುವಿಗೆ ಅರಿವಳಿಕೆ ಕೊಟ್ಟು, ಬಾಯಿಂದ ಕ್ಯಾಮೆರಾ ಇರೋ ಸಣ್ಣ ಕೊಳವೆ ಇಳಿಸಿ ಕಾಸು ಹಿಡಿದು ತೆಗೀತೀವಿ. ಕುಯ್ಯೋದೇನೂ ಇಲ್ಲ. ನುಂಗಿದ ಮೇಲೆ ಏನಾದ್ರೂ ತಿನ್ನಿಸಿದ್ರಾ?"

"ಇಲ್ಲ ಮೇಡಂ, ನೀರೂ ಕೊಟ್ಟಿಲ್ಲ," ಎಂದಳು ಪ್ರಿಯಾಂಕ.

ಅಜ್ಜಿ ಸೆರಗಿಗೆ ಹತ್ತಿದ್ದ ಬಾಳೆಹಣ್ಣಿನ ಕಲೆಯನ್ನು ಮಡಚಿ ಮರೆಮಾಡಿದರು. ಹೇಳಿದರೆ ಸೊಸೆಯ ಮುಂದೆ ಮಾನ ಹೋಗುತ್ತದೆ. "ತಿನ್ಸುದ್ರ ಏನಾಯ್ತದವ್ವ?" ಎಂದು ಮೆಲ್ಲಗೆ ಕೇಳಿದರು.

"ಅರಿವಳಿಕೆ ಕೊಟ್ಟಾಗ ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳೀಬಹುದು ಅಜ್ಜಿ. ಜೀವಕ್ಕೇ ಅಪಾಯ."

ಅಜ್ಜಿ ವೈದ್ಯೆಯ ಕೈ ಹಿಡಿದುಕೊಂಡರು. "ನಾನೇ ಕಣವ್ವ ಬಾಳೆಹಣ್ಣು ತಿನ್ಸುಬುಟ್ಟೆ. ಕಾಸು ಕಟ್ಟಿದೋಳೂ ನಾನೇ. ನನ್ ಕೂಸ ನಾನೇ ಕೊಂದ್ಬುಡ್ತಿದ್ದೆ!"

ಪ್ರಿಯಾಂಕ ಅತ್ತೆಯತ್ತ ನೋಡಿದಳು. ಮಗುವನ್ನು ಅವಚಿಕೊಂಡು ವೈದ್ಯೆಯ ಕಡೆ ತಿರುಗಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನಿಸಿತು ಅಜ್ಜಿಗೆ.

"ಹೇಳಿದ್ದು ಒಳ್ಳೇದಾಯ್ತು," ಎಂದರು ವೈದ್ಯೆ. "ಮಗು ಎಂಜಲು ನುಂಗ್ತಿದೆ, ಉಸಿರಾಟ ಸರಿಯಾಗಿದೆ. ಹೊಟ್ಟೆ ಖಾಲಿಯಾಗೋವರೆಗೂ ಕಣ್ಣಿಟ್ಟು ನೋಡ್ಕೋತೀವಿ."

ಹಸಿದ ಮಗು ಅತ್ತೂ ಅತ್ತೂ ಸುಸ್ತಾಯಿತು. ಆ ಒಂದೊಂದು ಗಂಟೆಯೂ ಅಜ್ಜಿಗೆ ಒಂದೊಂದು ವರ್ಷ. ಬೆಳಿಗ್ಗೆಯೇ ಮುಗಿಯಬಹುದಾಗಿದ್ದ ಕೆಲಸ ಒಂದು ಬಾಳೆಹಣ್ಣಿನಿಂದ ಸಂಜೆಯವರೆಗೆ ಎಳೆಯಿತು. ಕೊನೆಗೆ ವೈದ್ಯೆ ಹೊರಗೆ ಬಂದು ಚಿಕ್ಕ ಕವರಿನಲ್ಲಿ ಆ ನಾಣ್ಯ ಕೊಟ್ಟರು. ಮಗು ಎಚ್ಚರವಾದ ಮೇಲೆ ಪ್ರಿಯಾಂಕ ಅದನ್ನು ಎತ್ತಿ ತಂದು ಅತ್ತೆಯ ಮಡಿಲಲ್ಲೇ ಮಲಗಿಸಿದಳು. ಅಜ್ಜಿ ಬಿಕ್ಕಿ ಬಿಕ್ಕಿ ಅತ್ತರು.

ಮುಂದಿನ ವಾರ ಊರಿನ ಹೆಂಗಸರ ಸಂಘದ ಸಭೆಯಲ್ಲಿ, ಯಾರೂ ಕೇಳದೆ, ಶಾಂತಮಲ್ಲಮ್ಮ ತಾವೇ ಎದ್ದು ನಿಂತು ಎಲ್ಲವನ್ನೂ ಹೇಳಿದರು. "ಮುಡ್ಪು ಕಟ್ಟಿ ಕಣ್ರವ್ವ, ಬ್ಯಾಡ ಅನ್ನಕಿಲ್ಲ. ಡಬ್ಬಿಗಾಕಿ ಅಟ್ಟದ ಮ್ಯಾಲ ಇಡಿ. ಮಗೀನ ಗಂಟ್ಲು ಹುಂಡಿ ಅಲ್ಲ."

ಅಕ್ಕತಂಗಿಯರೇ, ಅಜ್ಜಿಯರೇ, ನಿಮ್ಮ ಮಗು ಕಾಸು ನುಂಗಿತು ಎಂಬ ಅನುಮಾನ ಬಂದರೂ ಸಾಕು, ಏನನ್ನೂ ತಿನ್ನಿಸದೆ ಆಸ್ಪತ್ರೆಗೆ ಒಯ್ಯಿರಿ. ಸೆಲ್ ನುಂಗಿದ್ದರೆ ಒಂದು ಕ್ಷಣವೂ ತಡ ಮಾಡಬೇಡಿ. ಮಗುವಿಗೆ ಅಳಲೂ ಕೆಮ್ಮಲೂ ಆಗದೆ ಉಸಿರು ಕಟ್ಟಿದರೆ, ಮುಂದಕ್ಕೆ ಬಗ್ಗಿಸಿ ಎರಡು ಭುಜಗಳ ನಡುವೆ ಬೆನ್ನಿಗೆ ಅಂಗೈಯಿಂದ ಐದು ಸಲ ಬಲವಾಗಿ ತಟ್ಟಿ, 108ಕ್ಕೆ ಫೋನ್ ಮಾಡಿಸಿ. ಕಾಸು ಹೊಟ್ಟೆಗೆ ಇಳಿದಿದ್ದರೆ ಸಾಮಾನ್ಯವಾಗಿ ಮಲದಲ್ಲಿ ತಾನೇ ಹೋಗುತ್ತದೆ, ಆದರೆ ಹಾಗೆಂದು ಹೇಳಬೇಕಾದವರು ವೈದ್ಯರು, ನಾವಲ್ಲ.

ನೀವು ಓದುತ್ತಿರುವ ಈ ಕಾಗದವನ್ನು ಮಡಿಸಿಡುವ ಮುಂಚೆ ಒಮ್ಮೆ ಎದ್ದು ಹೋಗಿ, ನಿಮ್ಮ ಮನೆಯ ತೊಟ್ಟಿಲ ಹಗ್ಗ ನೋಡಿ ಬನ್ನಿ.