ಮಾರಿದ ದನಿ

ದತ್ತಾತ್ರಿ ಬೀದರಿನ ಓಣಿಗಳಲ್ಲಿ ತಳ್ಳುಗಾಡಿಯ ಮೇಲೆ ಕಾಯಿಪಲ್ಯೆ ಮಾರುತ್ತಿದ್ದ. ಅವನ ದನಿ ಎಂಥದೆಂದರೆ, ಬೇಡವೆಂದವರೂ ಬಾಗಿಲಿಗೆ ಬರುತ್ತಿದ್ದರು. ಐದು ಟಂಟಂ ಗಾಡಿಗಳಲ್ಲಿ ಕಾಯಿಪಲ್ಯೆ ಮಾರಿಸುವ ವ್ಯಾಪಾರಿ ಮಂಗೇಶ ಒಂದು ದಿನ ಅವನನ್ನು ಕರೆಸಿ, ಕೈಗೆ ದುಡ್ಡಿಟ್ಟು, ಆ ಕೂಗನ್ನು ಮೊಬೈಲಿನಲ್ಲಿ ತುಂಬಿಕೊಂಡ. "ಫುಕಟ್ ರೊಕ್ಕಾ ಬಂತು ನೋಡು," ಎಂದು ದತ್ತಾತ್ರಿ ಮನೆಯಲ್ಲಿ ನಕ್ಕಿದ್ದ.

ನಾಲ್ಕು ತಿಂಗಳಿಗೆ ಎದೆನೋವು ಬಂದು ತೀರಿಕೊಂಡ.

ಹದಿಮೂರನೆಯ ದಿನದ ಕಾರ್ಯ ಮುಗಿದ ಮರುದಿನ ಬೆಳಿಗ್ಗೆ ಓಣಿಯ ತಿರುವಿನಲ್ಲಿ ಕೂಗು ಕೇಳಿಸಿತು. "ಮೆಂತೇಪಲ್ಯೆ... ಎಳೀ ಬದನಿಕಾಯಿ... ಬರ್ರೀ ಅವ್ವಾರೇ..."

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಸಿದ್ದೇಶ್ವರಿಯ ಕೈ ನಿಂತುಹೋಯಿತು. ಮರೆವು ಹಿಡಿದಿದ್ದ ಅತ್ತೆ ಕಾಂತಾಬಾಯಿ ನೀರಿನ ತಂಬಿಗೆ ಹಿಡಿದು ಬಾಗಿಲಿಗೆ ಧಾವಿಸಿದರು.

"ಸಿದ್ದಿ, ದತ್ತು ಬಂದ ನೋಡು."

ಬಂದದ್ದು ದತ್ತಾತ್ರಿ ಇರುವತನಕ ಈ ಓಣಿಗೆ ಬಾರದಿದ್ದ ಮಂಗೇಶನ ಟಂಟಂ; ಕೂಗಿದ್ದು ಅದರ ಸ್ಪೀಕರ್. ಮಗ ಸತ್ತದ್ದನ್ನು ಅತ್ತೆಗೆ ಮತ್ತೆ ಹೇಳಬೇಕಾಯಿತು. ಮರುದಿನವೂ ಹೇಳಬೇಕಾಯಿತು. ಪ್ರತಿ ಸಲವೂ ಆಕೆ ಈಗಷ್ಟೇ ಕೇಳಿದವರಂತೆ ಅತ್ತರು.

ಸಿದ್ದೇಶ್ವರಿ ಮಂಗೇಶನ ಅಂಗಡಿಗೆ ಹೋದಳು. "ಅದನ್ನ ಬಂದ್ ಮಾಡ್ರಿ ಅಣ್ಣಾರ. ಸತ್ತವರ ದನಿ ಅದು."

"ವೈನಿ, ನಾ ಕದ್ದಿಲ್ರಿ. ಅವರಿಗಿ ರೊಕ್ಕಾ ಕೊಟ್ಟು ತಗೊಂಡೇನಿ. ಭಾಲ್ಕಿ, ಔರಾದ ತನಕ ಮಂದಿ ಕಾಪಿ ಮಾಡ್ಕೊಂಡಾರ. ಯಾರ್ಯಾರ್ನ ನಿಲ್ಲಸ್ಲಿ? ಬೇಕಂದ್ರ ನಿಮ್ಮ ಓಣಿಗಿ ಗಾಡಿ ಕಳಸಂಗಿಲ್ಲ."

ಆ ಮಾತು ಉಳಿಸಿಕೊಂಡ. ಓಣಿ ಸುಮ್ಮನಾಯಿತು. ಆದರೆ ಕಾಂತಾಬಾಯಿ ತಂಬಿಗೆ ಹಿಡಿದು ಹೊಸ್ತಿಲಲ್ಲೇ ಕೂತರು. "ಇನ್ನಾ ಯಾಕ ಬರ್ಲಿಲ್ಲ? ಅಂವ ಬರ್ಲಿ, ಉಣ್ತೇನಿ."

ಮೂರು ದಿನ ತುತ್ತು ಮುಟ್ಟಲಿಲ್ಲ.

ನಾಲ್ಕನೆಯ ದಿನ ಸಿದ್ದೇಶ್ವರಿ ಮತ್ತೆ ಅದೇ ಅಂಗಡಿಯ ಮುಂದೆ ನಿಂತಳು. ಗಾಡಿ ಮತ್ತೆ ಕಳಿಸಿರೆಂದು ಕೇಳಿದಳು. ಮಂಗೇಶ ತಲೆ ಕೆರೆದುಕೊಂಡ. "ಆ ಓಣ್ಯಾಗ ಧಂದಾ ಇಲ್ರಿ. ದಿನಾ ಏನರ ತಗೋತೀರಂದ್ರ ಕಳಸ್ತೇನಿ."

ಒಪ್ಪಿಕೊಂಡಳು.

ಹತ್ತು ಗಂಟೆಗೆ ಕೂಗು ಬರುತ್ತಿತ್ತು. ಕಾಂತಾಬಾಯಿಯ ಮುಖ ಅರಳುತ್ತಿತ್ತು. "ಒಳಗ ಬರಂಗಿಲ್ಲೇನು ಅಂವ?"

"ವ್ಯಾಪಾರ ಮುಗಿಸ್ಕೊಂಡು ಬರ್ತಾರಂತ್ರಿ ಅತ್ತಿ. ನೀವು ಉಣ್ರಿ."

ಮಾಘದಲ್ಲಿ ಕಾಂತಾಬಾಯಿಯೂ ತೀರಿಕೊಂಡರು. ಕೆಲವು ದಿನಗಳ ಬಳಿಕ ಟಂಟಂ ಡ್ರೈವರ್ ಅಖೀಲ ಬಾಗಿಲ ಮುಂದೆ ಗಾಡಿ ನಿಲ್ಲಿಸಿ, ಸ್ಪೀಕರ್ ಬಂದ್ ಮಾಡಿ ಕೇಳಿದ: "ವೈನಿ, ಅಜ್ಜಿ ಹೋದ್ರು. ಇನ್ನ ಈ ಓಣಿಗಿ ಬರೂದು ಬ್ಯಾಡಲ್ರಿ?"

ಸಿದ್ದೇಶ್ವರಿ ಅವನ ಮುಖ ನೋಡಲಿಲ್ಲ. ಚೀಲ ಮುಂದೆ ಹಿಡಿದಳು.

"ಮೊದಲ ಅದನ್ನ ಹಚ್ರಿ," ಎಂದಳು. "ಆಮ್ಯಾಲ ಪಾವಕಿಲೋ ಬದನಿಕಾಯಿ ಹಾಕ್ರಿ."