ನೂರಕ್ಕೆ ಬಾರಿಸುವ ಗಂಟೆ

ಬೆಳಿಗ್ಗೆ ಎಂಟೂವರೆಗೆ ರಕ್ತಪರೀಕ್ಷೆಯ ಲ್ಯಾಬಿನ ಬಾಗಿಲು ತಳ್ಳಿ ಒಳಗೆ ಬರುವಷ್ಟರಲ್ಲಿ ಅವನು ಮೊಬೈಲನ್ನು ಹನ್ನೊಂದು ಸಲ ನೋಡಿದ್ದ. ಸಿಗರೇಟು ಬಿಟ್ಟು ಅಂದಿಗೆ ಇನ್ನೂರ ಹನ್ನೆರಡು ದಿನ. ಬಿಡಿಸಿದ್ದು ಡಾಕ್ಟರೂ ಅಲ್ಲ, ಹೆಂಡತಿಯೂ ಅಲ್ಲ. ಮೊಬೈಲಿನೊಳಗಿನ ‘ಬಿಟ್ಟವರ ಬಳಗ’ ಎಂಬ ಗುಂಪು. ಅಲ್ಲಿ ಬಿಟ್ಟು ಎಷ್ಟು ದಿನವಾಯಿತೋ ಹೆಸರಿನ ಬದಲು ಅದೇ ಗುರುತು. ಸೇದುವ ಚಪಲ ತಡೆಯಲಾಗದವರು ‘ಕೈ ನಡುಗ್ತಿದೆ’ ಎಂದು ಬರೆಯಬೇಕು. ಕಂಡವರು ಕೂಡಲೇ ‘ಹಿಡಿದಿದ್ದೀನಿ’ ಎನ್ನಬೇಕು. ಮೊದಲು ಹಿಡಿದವರಿಗೆ ಒಂದು ನಕ್ಷತ್ರ. ಭಾನುವಾರಕ್ಕೊಮ್ಮೆ ನಕ್ಷತ್ರಗಳ ಪಟ್ಟಿ. ಆರು ವಾರಗಳಿಂದ ಅದರ ಮೇಲ್ತುದಿಯಲ್ಲಿ ಅವನೇ ಕೂತಿದ್ದ. ಹಾಗಾಗಿ ಅವನೊಬ್ಬನಿಗೆ ಮಾತ್ರ ಅಲ್ಲಿ ಅಡ್ಡಹೆಸರು: ಉಕ್ಕಿನಣ್ಣ.

“ಸಿಗರೇಟಾದ್ರೆ ಹೊರಗೆ ಹೋಗಿ ಸೇದಿ ಬರ್ತಿದ್ರಿ. ಇದನ್ನ ತಟ್ಟೆ ಪಕ್ಕಕ್ಕೇ ತಂದಿಟ್ಟಿದ್ದೀರಲ್ರೀ,” ಎಂದು ಹೆಂಡತಿ ಹಿಂದಿನ ದಿನವಷ್ಟೇ ಅಂದಿದ್ದಳು. ಅವನು “ಹೂಂ” ಅಂದಿದ್ದ. ಅವಳು ಏನಂದಳೆಂಬುದು ತಲೆಗೆ ಹೋದದ್ದು ಅವಳು ತಟ್ಟೆ ಎತ್ತಿಕೊಂಡು ಹೋದ ಮೇಲೆ.

ಕುರ್ಚಿಯಲ್ಲಿ ಕೂರುವ ಮೊದಲೇ ಲ್ಯಾಬಿನ ಮುಖ್ಯಸ್ಥೆ ಕರೆದರು. ಮೇಡಂ ದನಿ ಏರಿಸಿದ್ದನ್ನು ಯಾರೂ ಕೇಳಿರಲಿಲ್ಲ. ಎಲ್ಲರಿಗೂ ಭಯ ಅದಕ್ಕೇ. ಮೇಜಿನ ಮೇಲೆ ಅವನ ಸಹಿಯಿದ್ದ ನಲವತ್ತು ವರದಿಗಳನ್ನು ಇಸ್ಪೀಟಿನ ಎಲೆಗಳಂತೆ ಹರಡಿದ್ದರು.

“ಓದಿ.”

ಅವನು ಓದಿದ. ಬಿಳಿ ರಕ್ತಕಣಗಳಲ್ಲಿ ಐದು ಜಾತಿ. ಒಬ್ಬರ ರಕ್ತದಲ್ಲಿ ನೂರು ಕಣ ಎಣಿಸಿ, ಯಾವ ಜಾತಿಯದು ಎಷ್ಟೆಂದು ಬರೆಯುವುದು ಅವನ ಕೆಲಸ. ಅರವತ್ತು, ಮೂವತ್ತೆರಡು, ಐದು, ಮೂರು, ಸೊನ್ನೆ. ಮುಂದಿನದು ಅರವತ್ತೊಂದು, ಮೂವತ್ತೊಂದು, ಐದು, ಮೂರು, ಸೊನ್ನೆ. ಅದರ ಮುಂದಿನದೂ ಅಣ್ಣತಮ್ಮಂದಿರ ಹಾಗೆ.

“ಒಂದೇ ಸ್ಲೈಡನ್ನ ಒಬ್ಬರೇ ಎರಡು ಸಲ ಎಣಿಸಿದ್ರೂ ನಾಲ್ಕೈದು ಆಚೀಚೆ ಆಗತ್ತೆ. ನಿಮಗೆ ನಲವತ್ತು ಜನರದ್ದೂ ಒಂದೇ ಬಂದಿದೆ,” ಎಂದರು ಮೇಡಂ. “ರಕ್ತ ಇಷ್ಟು ಶಿಸ್ತಾಗಿರಲ್ಲ ಕಣ್ರೀ.”

ಹೇಗಾಯಿತೆಂಬುದು ಅವನಿಗೆ ಗೊತ್ತಿತ್ತು. ಎಣಿಕೆಯ ಯಂತ್ರಕ್ಕೆ ಜಾತಿಗೊಂದರಂತೆ ಐದು ಕೀಲಿ. ನೂರಾದ ಕೂಡಲೇ ಟಿಣ್ ಎಂದು ಗಂಟೆ ಬಾರಿಸುತ್ತದೆ. ಮೂವತ್ತು ಕಣ ಎಣಿಸುವಷ್ಟರಲ್ಲಿ ಜೇಬಿನಲ್ಲಿ ಮೊಬೈಲು ನಡುಗುತ್ತಿತ್ತು. ಯಾರಿಗೋ ‘ಹಿಡಿದಿದ್ದೀನಿ’ ಎಂದು ಬರೆದು ಮತ್ತೆ ಕಣ್ಣಿಟ್ಟರೆ ಎಲ್ಲಿದ್ದೆನೆಂಬುದೇ ತಪ್ಪಿಹೋಗಿರುತ್ತಿತ್ತು. ಉಳಿದ ಎಪ್ಪತ್ತನ್ನು ಬೆರಳೇ ರೂಢಿಯ ಮೇಲೆ ಒತ್ತಿಬಿಡುತ್ತಿತ್ತು. ಗಂಟೆ ಮಾತ್ರ ಪ್ರಾಮಾಣಿಕವಾಗಿ ಹೊಡೆದುಕೊಳ್ಳುತ್ತಿತ್ತು.

“ಇವತ್ತು ಐದು ಸ್ಲೈಡ್ ಕೊಡ್ತೀನಿ. ಪ್ರತಿಯೊಂದರಲ್ಲೂ ಇನ್ನೂರು ಕಣ. ನಿಮ್ಮ ಪಕ್ಕ ಕೂರೋ ಅಕ್ಕನೂ ಬೇರೆಯಾಗಿ ಎಣಿಸ್ತಾರೆ. ಹೊಂದದಿದ್ರೆ ನಾಳೆಯಿಂದ ಹೊರಗೆ, ಚೀಟಿ ಬರೆಯೋ ಜಾಗಕ್ಕೆ.”

ಹದಿನಾಲ್ಕು ವರ್ಷ ಕೂತ ಕುರ್ಚಿ ಅದು. ಅವನ ಬೆನ್ನಿನ ಗೂನು ಅದರ ಅಳತೆಗೇ ಬೆಳೆದಿತ್ತು. ಹೊರಗೆ ಚೀಟಿ ಬರೆಯುವುದು ಅವಮಾನವಲ್ಲ, ಆದರೆ ಈ ಕೆಲಸ ಬಿಟ್ಟರೆ ತನಗೆ ಬೇರೇನೂ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಮೊದಲ ಸ್ಲೈಡಿನ ಮೇಲೆ ಎಣ್ಣೆಯ ಹನಿ ಬಿಟ್ಟು ಮೈಕ್ರೋಸ್ಕೋಪಿಗೆ ಕಣ್ಣಿಟ್ಟ. ಇಪ್ಪತ್ತು. ಮೂವತ್ತು. ಜೇಬು ನಡುಗಿತು. ನೋಡಬಾರದೆಂದುಕೊಳ್ಳುತ್ತಲೇ ನೋಡಿದ. ಹನ್ನೊಂದನೇ ದಿನದವನು: ‘ಕೈ ನಡುಗ್ತಿದೆ. ಅಂಗಡಿ ಮುಂದೆ ನಿಂತಿದ್ದೀನಿ.’

ಹೆಬ್ಬೆರಳು ಪರದೆಯ ಮೇಲೆ ಹೋಯಿತು. ಪಕ್ಕದ ಮೈಕ್ರೋಸ್ಕೋಪಿನಲ್ಲಿದ್ದ ಅಕ್ಕ ತಲೆ ಎತ್ತದೆಯೇ ಅಂದರು, “ನಿನ್ನ ಗಂಟೆ ಎಷ್ಟು ಬೇಗ ಹೊಡ್ಕೊಳ್ಳತ್ತೋ ಮಾರಾಯ, ನಾನು ಅರ್ಧಕ್ಕೂ ಬಂದಿರಲ್ಲ. ಆರು ವಾರದಿಂದ ಕೇಳ್ತಾನೇ ಇದ್ದೀನಿ.”

ಅವನು ಬರೆಯಲಿಲ್ಲ. ಮೊಬೈಲನ್ನು ಅವರತ್ತ ಚಾಚಿದ. “ಅಕ್ಕಾ, ಇದನ್ನ ನಿಮ್ಮ ಬ್ಯಾಗಲ್ಲಿ ಹಾಕ್ಕೊಳ್ಳಿ.”

“ನನ್ನ ಬ್ಯಾಗಿಗೆ ಬಿದ್ದಿದ್ದು ನನಗೇ ಸಿಗಲ್ಲ. ಯೋಚನೆ ಮಾಡು.”

“ಹಾಕ್ಕೊಳ್ಳಿ ಅಂದ್ನಲ್ಲ!”

ಎಣಿಕೆಯನ್ನು ಮೊದಲಿನಿಂದ ಶುರುಮಾಡಿದ. ಹನ್ನೊಂದನೇ ದಿನದವನು ಅಂಗಡಿ ಮುಂದೆ ನಿಂತೇ ಇದ್ದ. ಕಣಗಳ ನಡುವೆ ನಿಂತಿದ್ದ, ನೇರಳೆ ಬಣ್ಣದ ಚುಕ್ಕೆಗಳ ನಡುವೆ ಜೇಬು ತಡಕುತ್ತಿದ್ದ. ಖಾಲಿ ಜೇಬಿನ ಕೆಳಗೆ ತೊಡೆ ತಾನಾಗಿ ನಡುಗಿತು. ಎರಡು ಸಲ ಕೈ ಅಲ್ಲಿಗೆ ಹೋಗಿ ಬಟ್ಟೆಯನ್ನಷ್ಟೇ ಮುಟ್ಟಿ ಬಂತು. ಅಂಗೈ ಬೆವರಿ ಕೀಲಿಗಳು ಜಾರತೊಡಗಿದವು. ಎರಡನೇ ಸ್ಲೈಡನ್ನು ನಡುವೆ ಬಿಟ್ಟು ಮತ್ತೆ ಒಂದರಿಂದ ಎಣಿಸಬೇಕಾಯಿತು.

ಮೂರನೆಯದರಲ್ಲಿ ಬೆರಳು ತಡೆಯಿತು. ಕಿತ್ತಳೆ ಬಣ್ಣದ ಹರಳುಗಳು ತುಂಬಿದ ಕಣ, ಅಲರ್ಜಿಯಿದ್ದರೆ ಹೆಚ್ಚುವಂಥದು, ನೂರಕ್ಕೆ ಎರಡು ಮೂರು ಕಾಣಬೇಕಾದದ್ದು, ಮತ್ತೆ ಮತ್ತೆ ಬರುತ್ತಿತ್ತು. ಇನ್ನೂರು ಮುಗಿದಾಗ ಮೂವತ್ನಾಲ್ಕು.

ಮಧ್ಯಾಹ್ನ ಮೇಡಂ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಅಕ್ಕನದು ಮೂವತ್ತೊಂದು. “ಐದೂ ಹೊಂದತ್ತೆ,” ಎಂದು ಮೂರನೆಯದರ ಮೇಲೆ ಬೆರಳಿಟ್ಟರು. “ಈ ಸ್ಲೈಡ್ ಹೋದ ವಾರ ನೀವೇ ನೋಡಿದ್ದು. ನೂರಕ್ಕೆ ಮೂರು ಅಂತ ಬರೆದಿದ್ರಿ. ಆಯಮ್ಮ ಕೆಮ್ಮಿ ಕೆಮ್ಮಿ ಸಾಕಾಗಿ ನಿನ್ನೆ ವಾಪಸ್ ಬಂದ್ರು.”

ಅವನು ಹಾಳೆಯನ್ನು ತನ್ನತ್ತ ಎಳೆದುಕೊಂಡು ಮೂವತ್ನಾಲ್ಕನ್ನು ಮತ್ತೊಮ್ಮೆ ಓದಿದ.

“ಕುರ್ಚಿ ನಿಮ್ಮದೇ. ಆದ್ರೆ ಆ ನಲವತ್ತನ್ನೂ ನೀವೇ ಮತ್ತೆ ಎಣಿಸ್ಬೇಕು. ಎಲ್ಲೆಲ್ಲಿ ತಪ್ಪಿದೆಯೋ ಅವರಿಗೆ ಫೋನ್ ಮಾಡಿ ನೀವೇ ಹೇಳ್ಬೇಕು. ಇವತ್ತಿಂದಲೇ.”

ಹೊರಬಂದವನೇ ಅಕ್ಕನ ಬ್ಯಾಗಿಗೆ ಕೈ ಹಾಕಿದ. ಬಾಚಣಿಗೆ, ಕೊಡೆ, ಮಾತ್ರೆಪಟ್ಟಿ, ಕೊನೆಗೆ ಮೊಬೈಲು. ಗುಂಪನ್ನು ತೆರೆದ. ಹನ್ನೊಂದನೇ ದಿನದವನಿಗೆ ನಿಮಿಷದೊಳಗೇ ಮೂವರು ‘ಹಿಡಿದಿದ್ದೀನಿ’ ಎಂದಿದ್ದರು. ಅವನು ಅಂಗಡಿ ದಾಟಿ ಮನೆಗೆ ಹೋಗಿದ್ದ. ನಕ್ಷತ್ರ ತೊಂಬತ್ತನೇ ದಿನದವಳಿಗೆ ಸಿಕ್ಕಿತ್ತು. ಆಮೇಲೆ ಎಪ್ಪತ್ತು ಮಾತುಗಳು ಬಂದುಹೋಗಿದ್ದವು. ಉಕ್ಕಿನಣ್ಣ ಎಲ್ಲಿ ಎಂದು ಒಬ್ಬರೂ ಕೇಳಿರಲಿಲ್ಲ.

ಸಮಾಧಾನವಾಗಬೇಕಿತ್ತು. ಬದಲಿಗೆ ಎಪ್ಪತ್ತನ್ನೂ ಇನ್ನೊಮ್ಮೆ ಸರಿಸಿ ತನ್ನ ಹೆಸರು ಹುಡುಕಿದ. ‘ನಾನಿಲ್ಲೇ ಇದ್ದೀನಿ’ ಎಂದು ಬರೆದ. ಅಳಿಸಿದ. ಮತ್ತೆ ಬರೆದು ಮತ್ತೆ ಅಳಿಸಿದ.

“ಅಂತೂ ಸಿಕ್ತಲ್ಲ,” ಎಂದರು ಅಕ್ಕ. “ನಿನ್ನ ಅದೃಷ್ಟ.”

“ಮತ್ತೆ ಒಳಗೆ ಹಾಕ್ಕೊಳ್ಳಿ. ಈ ಸಲ ಕೊಡೆ ಕೆಳಗೆ.”

ನಲವತ್ತು ಸ್ಲೈಡುಗಳ ಮರದ ತಟ್ಟೆಯನ್ನು ಎಳೆದುಕೊಂಡು ಮೊದಲನೆಯದನ್ನು ಇಟ್ಟ. ಎಣ್ಣೆಯ ಹನಿ, ಬೆಳಕು, ನೇರಳೆ ಚುಕ್ಕೆಗಳು. ಹತ್ತು. ಹನ್ನೊಂದು. ಹನ್ನೆರಡಕ್ಕೆ ಕೈ ಜೇಬಿಗೆ ಹೋಯಿತು. ಅಲ್ಲೇನೂ ಇರಲಿಲ್ಲ. ಕೈಯನ್ನು ಎಳೆದು ತಂದು ಕೀಲಿಯ ಮೇಲಿಟ್ಟ.

ಹದಿಮೂರು.